ಎಎಂಡಿ64 ಯಂತ್ರದಲ್ಲಿ ಕೂತು ಆರ್ಮ್64, ಐ386 ಡೆಬ್‌ಗಳಿಗೆ ಲಿಂಟಿಯನ್ ಓಡಿಸಿದರೆ ಎಷ್ಟು ನಂಬಬಹುದು?

ಮಲೆನಾಡು_ಮೇಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯ ಒಂದು ಲೈಬ್ರರಿಯನ್ನು ಡೆಬಿಯನ್‌ಗೆ ಪ್ಯಾಕೇಜ್ ಮಾಡುವ ಕೆಲಸ ನಡೆದಿದೆ. ಒಂದೇ ಸೋರ್ಸ್‌ನಿಂದ ನಾಲ್ಕು ಡೆಬ್ (ಡೆಬಿಯನ್ ಪ್ಯಾಕೇಜ್ ಫೈಲು) ಬರುತ್ತವೆ: ಲೈಬ್ರರಿ (ಮಲ್ಟಿ-ಆರ್ಚ್ ಸೇಮ್, ಅಂದರೆ ಬೇರೆ ಬೇರೆ ಆರ್ಕಿಟೆಕ್ಚರಿನ ಪ್ರತಿಗಳನ್ನು ಒಂದೇ ಯಂತ್ರದಲ್ಲಿ ಒಟ್ಟಿಗೆ ಹಾಕಬಹುದು), ಹೆಡರ್‌ಗಳಿರುವ ಡೆವ್ ಪ್ಯಾಕೇಜ್, ಟೂಲ್ಸ್, ಮತ್ತೆ ಆರ್ಕಿಟೆಕ್ಚರ್ ಆಲ್ (ಎಲ್ಲ ಪ್ರೊಸೆಸರಿಗೂ ಒಂದೇ) ಆಗಿರುವ ಡೇಟಾ ಪ್ಯಾಕೇಜ್. ಎಎಂಡಿ64 (64 ಬಿಟ್ ಪಿಸಿ) ಯಂತ್ರದಲ್ಲೇ ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್‌ಗೆ ಹೋಸ್ಟ್ ಆಯ್ಕೆ ಕೊಟ್ಟು ಆರ್ಮ್64 (64 ಬಿಟ್ ಆರ್ಮ್) ಮತ್ತು ಐ386ಕ್ಕೆ (32 ಬಿಟ್ ಪಿಸಿ) ಕ್ರಾಸ್ ಬಿಲ್ಡ್, ಅಂದರೆ ಒಂದು ಪ್ರೊಸೆಸರಿನಲ್ಲಿ ಕೂತು ಇನ್ನೊಂದಕ್ಕೆ ಬಿಲ್ಡ್, ಮಾಡಿದಾಗ ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಹೇಳುವುದು ಹೀಗಿದೆ:

1. ಆರ್ಮ್64 ಟೂಲ್ಸ್ ಡೆಬ್‌ನಲ್ಲಿ ಬೈನರಿ-ಫ್ರಮ್-ಅದರ್-ಆರ್ಕಿಟೆಕ್ಚರ್. ತೋರಿಸುವ ಫೈಲು ಯುಎಸ್ಆರ್/ಲಿಬ್‌ಎಕ್ಸೆಕ್ ಕೆಳಗಿನ ಟೇಬಲ್ ಜನರೇಟರ್. ಇದು ಬಿಲ್ಡ್ ಸಮಯದಲ್ಲೂ ಓಡುತ್ತದೆ, ಬಳಕೆದಾರರಿಗೂ ಇನ್‌ಸ್ಟಾಲ್ ಆಗುತ್ತದೆ. ಎಎಂಡಿ64 ನೇಟಿವ್ ಬಿಲ್ಡ್‌ನಲ್ಲಿ ಈ ದೋಷ ಇಲ್ಲ.

2. ಐ386 ಲೈಬ್ರರಿಯಲ್ಲಿ ಟೆಕ್ಸ್ಟ್ ರೀಲೊಕೇಶನ್ ಇದೆ ಅನ್ನುವ ಟ್ಯಾಗ್, ಅಂದರೆ ಲಿಂಟಿಯನ್‌ನ ದೂರು (ಹಿಂದೆ ಷ್ಲಿಬ್-ವಿತ್-ನಾನ್-ಪಿಕ್-ಕೋಡ್ ಅಂತಿದ್ದದ್ದು). ಕೈಯಲ್ಲಿ ಬರೆದ ಅಸೆಂಬ್ಲಿ ಫೈಲು ಒಂದಿದೆ. ಓವರ್‌ರೈಡ್ (ಈ ದೂರು ಬೇಡ ಅಂತ ಲಿಂಟಿಯನ್‌ಗೆ ಹೇಳುವ ಸಾಲು) ಹಾಕಿದರೆ ಐ386 ಸುಮ್ಮನಾಗುತ್ತದೆ, ಆದರೆ ಆರ್ಮ್64ರಲ್ಲಿ ಮಿಸ್‌ಮ್ಯಾಚ್ಡ್-ಓವರ್‌ರೈಡ್ ಅನ್ನುತ್ತದೆ.

3. ಡೇಟಾ ಪ್ಯಾಕೇಜಿನಲ್ಲಿ ಆರ್ಚ್-ಇಂಡಿಪೆಂಡೆಂಟ್-ಪ್ಯಾಕೇಜ್-ಕಂಟೇನ್ಸ್-ಬೈನರಿ-ಆರ್-ಆಬ್ಜೆಕ್ಟ್. ಒಳಗಿರುವುದು ಒಂದು ಬೋರ್ಡಿಗೆ ಕಳಿಸುವ 32 ಬಿಟ್ ರಿಸ್ಕ್-ವಿ (ಇನ್ನೊಂದು ಬಗೆಯ ಪ್ರೊಸೆಸರ್) ಫರ್ಮ್‌ವೇರ್. ಅದು ಇರುವ ಜಾಗ ಯುಎಸ್ಆರ್/ಶೇರ್.

ಲಿಂಟಿಯನ್ ಅನ್ನೇ ಕ್ಯೂಎಂಯು (ಬೇರೆ ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಮ್) ಒಳಗೆ, ಇಲ್ಲವೇ ನಿಜವಾದ ಆರ್ಮ್64 ಯಂತ್ರದಲ್ಲಿ ಓಡಿಸಬೇಕೇ? ಲಿಂಟಿಯನ್ ಏನೂ ಹೇಳದಿದ್ದರೆ ಆ ಆರ್ಕಿಟೆಕ್ಚರಿಗೆ ಪ್ಯಾಕೇಜ್ ಸರಿಯಿದೆ ಅಂತ ತಿಳಿಯಬಹುದೇ?

---

ಎಲ್ಫ್_ಓದುಗ ಉತ್ತರ:

ಕ್ಯೂಎಂಯು ಬೇಡ. ಲಿಂಟಿಯನ್ ನಿಮ್ಮ ಬೈನರಿಯನ್ನು ಯಾವತ್ತೂ ಓಡಿಸುವುದಿಲ್ಲ, ಡೆಬ್ ಬಿಚ್ಚಿ ಒಳಗಿರುವುದನ್ನು ಓದುತ್ತದೆ. ಅದು ಪರ್ಲ್‌ನಲ್ಲಿ ಬರೆದದ್ದು, ಅದರ ಪ್ಯಾಕೇಜೇ ಆರ್ಕಿಟೆಕ್ಚರ್ ಆಲ್. ಯಾವ ಯಂತ್ರದಲ್ಲಿ ಓಡುತ್ತಿದ್ದೇನೆ ಅನ್ನುವುದು ಅದಕ್ಕೆ ಮುಖ್ಯವಲ್ಲ, ಡೆಬ್ ತನ್ನನ್ನು ಯಾವ ಆರ್ಕಿಟೆಕ್ಚರ್ ಅಂತ ಹೇಳಿಕೊಂಡಿದೆ ಅನ್ನುವುದೇ ಮುಖ್ಯ.

ಆರ್ಕಿಟೆಕ್ಚರ್ ವಿಚಾರದಲ್ಲಿ ಅದು ನೋಡುವುದು ಮೂರು ಕಡೆ. ಕಂಟ್ರೋಲ್ ಫೈಲಿನ ಆರ್ಕಿಟೆಕ್ಚರ್ ಸಾಲು, ಪಾತ್‌ನಲ್ಲಿರುವ ಟ್ರಿಪ್ಲೆಟ್ (ಐ386-ಲಿನಕ್ಸ್-ಜಿಎನ್‌ಯು ಥರದ ಹೆಸರು), ಎಲ್ಫ್ (ಲಿನಕ್ಸ್‌ನಲ್ಲಿ ಬೈನರಿ ಇರುವ ರೂಪ) ಫೈಲಿನ ಹೆಡರ್. ಈ ಮೂರರ ಮಾತು ಹೊಂದದಿದ್ದಾಗ ಬರುವುದೇ ಈ ಬಗೆಯ ಬಹುಪಾಲು ಟ್ಯಾಗ್‌ಗಳು. ಎಲ್ಫ್ ಹೆಡರಿನಲ್ಲಿ ಸೊನ್ನೆಯಿಂದ ಎಣಿಸಿದರೆ 4ನೇ ಬೈಟು 1 ಇದ್ದರೆ 32 ಬಿಟ್, 2 ಇದ್ದರೆ 64 ಬಿಟ್. 5ನೇ ಬೈಟು ಹೇಳುವುದು ಬೈಟುಗಳ ಕ್ರಮ: 1 ಇದ್ದರೆ ಲಿಟಲ್ ಎಂಡಿಯನ್, 2 ಇದ್ದರೆ ಬಿಗ್ (ಐಬಿಎಂ ಮೇನ್‌ಫ್ರೇಮ್‌ನ ಎಸ್390ಎಕ್ಸ್ ಹೀಗೆ). 18 ಮತ್ತು 19ನೇ ಬೈಟುಗಳಲ್ಲಿ ಪ್ರೊಸೆಸರ್ ಸಂಖ್ಯೆ: ಐ386ಕ್ಕೆ 3, ಎಸ್390ಕ್ಕೆ 22, 32 ಬಿಟ್ ಆರ್ಮ್‌ಗೆ 40, ಎಎಂಡಿ64ಕ್ಕೆ 62, ಆರ್ಮ್64ಕ್ಕೆ 183, ರಿಸ್ಕ್-ವಿಗೆ 243. ಫೈಲ್ ಕಮಾಂಡ್ ಇದನ್ನೇ ಓದಿ ಒಂದು ಸಾಲಿನಲ್ಲಿ ಹೇಳುತ್ತದೆ. ಪ್ರತಿ ಆರ್ಕಿಟೆಕ್ಚರಿಗೂ ಆ ಸಾಲು ಹೇಗಿರಬೇಕು ಅನ್ನುವ ಪಟ್ಟಿ ಲಿಂಟಿಯನ್ ಬಳಿ ಇದೆ, ಅದರ ಜೊತೆ ಹೋಲಿಸುತ್ತದೆ.

ಈ ಸಂದೇಹಕ್ಕೆ ಹಳೆಯ ಕಾರಣವೂ ಒಂದಿದೆ. ಮೊದಲು ಲಿಂಟಿಯನ್ ಬೈನರಿ ಓದಲು ಆಬ್ಜ್‌ಡಂಪ್ ಬಳಸುತ್ತಿತ್ತು. ಮಾಮೂಲಿ ಬಿನ್‌ಯುಟಿಲ್ಸ್‌ನ ಆಬ್ಜ್‌ಡಂಪ್‌ಗೆ ಬೇರೆ ಪ್ರೊಸೆಸರಿನ ಫೈಲು ಕೊಟ್ಟರೆ ಆರ್ಕಿಟೆಕ್ಚರ್ ಅನ್‌ನೋನ್ ಅನ್ನುತ್ತದೆ. ಹಾಗಾಗಿ ಬಿನ್‌ಯುಟಿಲ್ಸ್-ಮಲ್ಟಿಆರ್ಚ್ ಹಾಕಿಕೊಳ್ಳಿ ಅನ್ನುವ ಸಲಹೆ ಹಳೆಯ ಉತ್ತರಗಳಲ್ಲಿ ಈಗಲೂ ಸಿಗುತ್ತದೆ. ಅದು ಈಗ ಬಳಸುವ ರೀಡ್‌ಎಲ್ಫ್‌ಗೆ ಈ ತೊಂದರೆ ಇಲ್ಲ, ಹೆಡರ್ ಮತ್ತು ಡೈನಾಮಿಕ್ ಸೆಕ್ಷನ್ ಓದಲು ಅದಕ್ಕೆ ಆ ಪ್ರೊಸೆಸರಿನ ಬೆಂಬಲ ಬೇಕಿಲ್ಲ. ಇವತ್ತು ಮುಖ್ಯವಾದದ್ದು ಲಿಂಟಿಯನ್‌ನ ಆವೃತ್ತಿ. ಹೊಸ ಆರ್ಕಿಟೆಕ್ಚರ್ ಸೇರಿದಾಗ ಹಳೆಯ ಲಿಂಟಿಯನ್‌ಗೆ ಆ ಹೆಸರೇ ಗೊತ್ತಿರುವುದಿಲ್ಲ, ಕಂಟ್ರೋಲ್ ಸಾಲೇ ತಪ್ಪು ಅನ್ನುತ್ತದೆ. ಅನ್‌ಸ್ಟೇಬಲ್‌ಗೆ (ಡೆಬಿಯನ್‌ನ ಇನ್ನೂ ಬೆಳೆಯುತ್ತಿರುವ ಶಾಖೆ) ಪ್ಯಾಕೇಜ್ ಮಾಡುತ್ತಿದ್ದರೆ ಅನ್‌ಸ್ಟೇಬಲ್‌ನ ಲಿಂಟಿಯನ್ನೇ ಓಡಿಸಿ.

ಈಗ ನಿಮ್ಮ ಮೊದಲನೆಯ ದೋಷ. ಇದು ಸುಳ್ಳು ಎಚ್ಚರಿಕೆ ಅಲ್ಲ. ಆ ಜನರೇಟರ್ ಬಿಲ್ಡ್ ಸಮಯದಲ್ಲಿ ಓಡಬೇಕು, ಆರ್ಮ್64 ಕಂಪೈಲರ್‌ನಿಂದ ಕಟ್ಟಿದ್ದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಬಂದು ಬಿಲ್ಡ್ ಅಲ್ಲೇ ನಿಲ್ಲುತ್ತಿತ್ತು. ನಿಂತಿಲ್ಲ ಅಂದಮೇಲೆ ಮೇಕ್‌ಫೈಲ್ ಅದನ್ನು ಎಎಂಡಿ64ರ ಕಂಪೈಲರ್ ಜಿಸಿಸಿಯಿಂದ ಕಟ್ಟಿದೆ, ಕೊನೆಗೆ ಅದೇ ಫೈಲನ್ನು ಆರ್ಮ್64 ಡೆಬ್‌ಗೆ ತುಂಬಿದೆ. ರೀಡ್‌ಎಲ್ಫ್‌ಗೆ ಹೆಡರ್ ಆಯ್ಕೆ ಕೊಟ್ಟು ನೋಡಿದರೆ ಮೆಷಿನ್ ಸಾಲಿನಲ್ಲಿ ಎಕ್ಸ್86-64 ಕಾಣಬೇಕು. ಲೈಬ್ರರಿಗೆ ಲಿಂಕ್ ಆಗುವ ಪ್ರೋಗ್ರಾಮ್ ಆಗಿದ್ದರೆ ಲಿಂಕರ್ ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್ ಅಂತ ಹೇಳಿ ತಡೆಯುತ್ತಿತ್ತು. ಇದು ಬಿಡಿ ಪ್ರೋಗ್ರಾಮ್ ಆದ್ದರಿಂದ ತಡೆಯಿಲ್ಲದೆ ಹೋಗಿದೆ.

ಪರಿಹಾರ ಅದನ್ನು ಎರಡು ಸಲ ಕಟ್ಟುವುದು. ಬಿಲ್ಡ್‌ನಲ್ಲಿ ಓಡಿಸಲು ಒಂದು ಪ್ರತಿ, ಸಿಸಿ_ಫಾರ್_ಬಿಲ್ಡ್‌ನಿಂದ (ಕಟ್ಟುವ ಯಂತ್ರದ ಕಂಪೈಲರ್). ಇನ್‌ಸ್ಟಾಲ್ ಮಾಡಲು ಬೇರೆ ಹೆಸರಿನ ಇನ್ನೊಂದು ಪ್ರತಿ, ಸಿಸಿಯಿಂದ (ಓಡಬೇಕಾದ ಯಂತ್ರದ ಕಂಪೈಲರ್). ಡೆಬಿಯನ್ ರೂಲ್ಸ್ ಫೈಲಿನಲ್ಲಿ ಡಿಪಿಕೆಜಿಯ (ಡೆಬ್ ಕಟ್ಟುವ, ಇನ್‌ಸ್ಟಾಲ್ ಮಾಡುವ ಮೂಲ ಸಾಧನ) ಬಿಲ್ಡ್‌ಟೂಲ್ಸ್.ಎಂಕೆ ಇನ್‌ಕ್ಲೂಡ್ ಮಾಡಿದರೆ ಎರಡು ವೇರಿಯಬಲ್‌ಗಳೂ ಸರಿಯಾದ ಬೆಲೆಯೊಂದಿಗೆ ಸಿಗುತ್ತವೆ. ಬಿಲ್ಡ್ ಪ್ರತಿಗೆ ಸಿಫ್ಲ್ಯಾಗ್ಸ್ (ಕಂಪೈಲರಿನ ಆಯ್ಕೆಗಳು) ಕೊಡಬೇಡಿ, ಸಿಫ್ಲ್ಯಾಗ್ಸ್_ಫಾರ್_ಬಿಲ್ಡ್ ಕೊಡಿ. ಆರ್ಮ್64ರ ಸಿಫ್ಲ್ಯಾಗ್ಸ್‌ನಲ್ಲಿ ಈಗ ಎಂಬ್ರಾಂಚ್-ಪ್ರೊಟೆಕ್ಷನ್ ಇರುತ್ತದೆ, ಎಎಂಡಿ64ರ ಜಿಸಿಸಿಗೆ ಅದು ಗೊತ್ತಿಲ್ಲದ ಆಯ್ಕೆ, ಅಲ್ಲೇ ಬಿಲ್ಡ್ ಮುರಿಯುತ್ತದೆ. ಡೆಬ್‌ಹೆಲ್ಪರ್‌ನ (ಪ್ಯಾಕೇಜ್ ಕಟ್ಟಲು ನೆರವಾಗುವ ಸಾಧನಗಳು) ಡಿಎಚ್_ಆಟೊ_ಬಿಲ್ಡ್ ಹಂತವನ್ನು ಓವರ್‌ರೈಡ್ ಮಾಡಿ ಬರಿಯ ಮೇಕ್ ಕರೆದಿದ್ದರೆ ಅದನ್ನೂ ತೆಗೆಯಿರಿ. ಕ್ರಾಸ್ ಬಿಲ್ಡ್‌ನಲ್ಲಿ ಸಿಸಿ, ಸಿಎಕ್ಸ್ಎಕ್ಸ್, ಪಿಕೆಜಿ_ಕಾನ್ಫಿಗ್ ಮೂರನ್ನೂ ಮೇಕ್‌ಗೆ ದಾಟಿಸುವುದು ಡಿಎಚ್_ಆಟೊ_ಬಿಲ್ಡ್. ಬರಿಯ ಮೇಕ್‌ಗೆ ಅವು ತಲುಪುವುದಿಲ್ಲ. ಇನ್‌ಸ್ಟಾಲ್ ಸಾಲಿನಲ್ಲಿ ಸ್ಟ್ರಿಪ್ (ಡೀಬಗ್ ಮಾಹಿತಿ ಕಳಚುವ) ಆಯ್ಕೆ ಇದ್ದರೆ ಅದನ್ನೂ ತೆಗೆದುಹಾಕಿ, ಸ್ಟ್ರಿಪ್ ಕೆಲಸ ಡಿಎಚ್_ಸ್ಟ್ರಿಪ್‌ಗೆ ಸೇರಿದ್ದು, ಅದು ಆರ್ಮ್64ರ ಸ್ಟ್ರಿಪ್ ಅನ್ನೇ ಹುಡುಕಿ ಬಳಸುತ್ತದೆ.

ಟ್ರಿಪ್ಲೆಟ್ ಬಗ್ಗೆ ಒಂದು ಮಾತು, ನೀವು ಐ386 ಕೂಡ ಕಟ್ಟುತ್ತಿರುವುದರಿಂದ. ಅಲ್ಲಿ ಕಂಪೈಲರಿನ ಹೆಸರು ಐ686-ಲಿನಕ್ಸ್-ಜಿಎನ್‌ಯು ಅಂತ ಶುರುವಾದರೆ, ಲೈಬ್ರರಿ ಇರುವ ಡೈರೆಕ್ಟರಿ ಐ386-ಲಿನಕ್ಸ್-ಜಿಎನ್‌ಯು. ಪಾತ್‌ಗೆ ಡೆಬ್_ಹೋಸ್ಟ್_ಮಲ್ಟಿಆರ್ಚ್ ಬಳಸಬೇಕು, ಡೆಬ್_ಹೋಸ್ಟ್_ಜಿಎನ್‌ಯು_ಟೈಪ್ ಅಲ್ಲ. ಎಎಂಡಿ64, ಆರ್ಮ್64 ಎರಡರಲ್ಲೂ ಇವು ಒಂದೇ ಆಗಿರುವುದರಿಂದ ತಪ್ಪು ಬರೆದರೂ ಅಲ್ಲಿ ಗೊತ್ತಾಗುವುದಿಲ್ಲ.

---

ಡೆಬ್_ಕಟ್ಟೋಣ ಉತ್ತರ:

ಮೇಲಿನವರು ಮೊದಲನೆಯದನ್ನು ಬಿಡಿಸಿದ್ದಾರೆ. ಎರಡನೆಯದರಲ್ಲಿ ಓವರ್‌ರೈಡ್‌ಗಿಂತ ಮೊದಲು ದೋಷವನ್ನೇ ನೋಡಿ. ಎಎಂಡಿ64ರಲ್ಲಿ ಪಿಕ್ (ಯಾವ ವಿಳಾಸದಲ್ಲಿ ಲೋಡ್ ಆದರೂ ಓಡುವ ಕೋಡ್) ಅಲ್ಲದ ಕೋಡನ್ನು ಶೇರ್ಡ್ ಲೈಬ್ರರಿಗೆ ಹಾಕಲು ಹೋದರೆ ಲಿಂಕರ್ ಒಪ್ಪುವುದಿಲ್ಲ, ಎಫ್‌ಪಿಐಸಿ ಹಾಕಿ ಮತ್ತೆ ಕಂಪೈಲ್ ಮಾಡಿ ಅನ್ನುತ್ತದೆ. ಐ386ದಲ್ಲಿ ಲಿಂಕರ್ ಬಿಟ್ಟುಕೊಡುತ್ತದೆ, ಬದಲಿಗೆ ಟೆಕ್ಸ್ಟ್‌ರೆಲ್ ಗುರುತು ಬೀಳುತ್ತದೆ. ಪ್ರೋಗ್ರಾಮ್ ಲೋಡ್ ಆಗುವಾಗ ಕೋಡ್ ಪುಟಗಳನ್ನೇ ತಿದ್ದಬೇಕಾಗುತ್ತದೆ, ಆ ಪುಟಗಳನ್ನು ಪ್ರೋಸೆಸ್‌ಗಳು ಹಂಚಿಕೊಳ್ಳಲಾಗುವುದಿಲ್ಲ. ಅಸೆಂಬ್ಲಿಯಲ್ಲಿ ಗ್ಲೋಬಲ್ ಡೇಟಾದ ವಿಳಾಸವನ್ನು ನೇರ ಹಾಕಿರುವ ಸಾಲುಗಳನ್ನು ಗಾಟ್ (ವಿಳಾಸಗಳ ಕೋಷ್ಟಕ) ಮೂಲಕ ಹೋಗುವಂತೆ ಬರೆದರೆ ಟ್ಯಾಗ್ ತಾನೇ ಹೋಗುತ್ತದೆ. ಅಪ್‌ಸ್ಟ್ರೀಮ್‌ನಲ್ಲಿ (ಲೈಬ್ರರಿಯ ಮೂಲ ಲೇಖಕರ ಸೋರ್ಸ್) ಅಸೆಂಬ್ಲಿ ಬೇಡ ಅನ್ನುವ ಕಾನ್ಫಿಗರ್ ಆಯ್ಕೆ ಇದ್ದರೆ ಐ386ಕ್ಕೆ ಅದನ್ನೇ ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ ಐ386ಕ್ಕೆ ಕರ್ನಲ್, ಇನ್‌ಸ್ಟಾಲರ್ ಎರಡೂ ಇಲ್ಲ, 64 ಬಿಟ್ ಯಂತ್ರದ ಮೇಲೆ ಹಳೆಯ 32 ಬಿಟ್ ಪ್ರೋಗ್ರಾಮ್ ಓಡಿಸಲಷ್ಟೇ ಅದು ಉಳಿದಿದೆ. ಅಲ್ಲಿ ಸ್ವಲ್ಪ ವೇಗ ಹೋದರೆ ನಷ್ಟವೇನಿಲ್ಲ.

ಆದರೂ ಓವರ್‌ರೈಡೇ ಬೇಕೆಂದರೆ, ಸಾಲಿನ ಮೊದಲಿಗೆ ಪ್ಯಾಕೇಜ್ ಹೆಸರು, ಆಮೇಲೆ ಚೌಕ ಆವರಣದಲ್ಲಿ ಆರ್ಕಿಟೆಕ್ಚರ್, ಕೋಲನ್, ಟ್ಯಾಗ್:

ಲಿಬ್‌ಉದಾ1 [ಐ386]: ಟ್ಯಾಗ್-ಹೆಸರು [ಯುಎಸ್ಆರ್/ಲಿಬ್/*/ಲಿಬ್‌ಉದಾ.ಎಸ್ಒ.1*]

ಆವರಣದಲ್ಲಿ ಜಾಗ ಬಿಟ್ಟು ಎರಡು ಮೂರು ಹೆಸರು ಬರೆಯಬಹುದು, ಎನಿ-ಐ386 ಥರ ಬರೆಯಬಹುದು, ಆಶ್ಚರ್ಯಸೂಚಕ ಹಾಕಿ ಇದೊಂದನ್ನು ಬಿಟ್ಟು ಅಂತಲೂ ಹೇಳಬಹುದು. ಹೀಗೆ ಬರೆದರೆ ಆರ್ಮ್64ರಲ್ಲಿ ಆ ಸಾಲು ಲೆಕ್ಕಕ್ಕೇ ಬರುವುದಿಲ್ಲ, ಮಿಸ್‌ಮ್ಯಾಚ್ಡ್ ಅನ್ನುವ ದೂರೂ ಇಲ್ಲ. ಮೇಲಿನ ಸಾಲಿನಲ್ಲಿ ಹ್ಯಾಶ್ ಹಾಕಿ ಕಾರಣ ಬರೆಯಿರಿ. ಫೈಲ್ ಹೆಸರನ್ನು ಚೌಕ ಆವರಣದಲ್ಲಿ ಹಾಕುವುದು 2022ರ ಸುಮಾರಿಗೆ ಬಂದ ಬದಲಾವಣೆ, ಹಳೆಯ ಪ್ಯಾಕೇಜಿನಿಂದ ನಕಲು ಮಾಡಿದ ಓವರ್‌ರೈಡ್ ಕೆಲಸ ಮಾಡದಿದ್ದರೆ ಮೊದಲು ಅದನ್ನು ನೋಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಬೇರೆ ಇದೆ. ಡೆಬ್‌ಹೆಲ್ಪರ್ ಫೈಲ್ ಹೆಸರಿನ ಕೊನೆಗೆ ಚುಕ್ಕೆ ಐ386 ಸೇರಿಸಿ ಆರ್ಕಿಟೆಕ್ಚರಿಗೊಂದು ಓವರ್‌ರೈಡ್ ಫೈಲ್ ಇಡಲು ಬಿಡುತ್ತದೆ. ಡಿಎಚ್-ಎಕ್ಸೆಕ್ ಬಳಸಿ ಟ್ರಿಪ್ಲೆಟ್ ತುಂಬಿಸುವವರೂ ಇದ್ದಾರೆ. ನಿಮ್ಮ ಲೈಬ್ರರಿ ಮಲ್ಟಿ-ಆರ್ಚ್ ಸೇಮ್. ಓವರ್‌ರೈಡ್ ಫೈಲು ಇನ್‌ಸ್ಟಾಲ್ ಆಗುವುದು ಯುಎಸ್ಆರ್/ಶೇರ್/ಲಿಂಟಿಯನ್/ಓವರ್‌ರೈಡ್ಸ್ ಕೆಳಗೆ, ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಒಂದೇ ಪಾತ್. ಐ386 ಪ್ರತಿ, ಎಎಂಡಿ64 ಪ್ರತಿ ಎರಡನ್ನೂ ಒಟ್ಟಿಗೆ ಹಾಕಿದಾಗ ಆ ಪಾತ್‌ನಲ್ಲಿ ಬೇರೆ ಬೇರೆ ಬೈಟುಗಳಿದ್ದರೆ ಡಿಪಿಕೆಜಿ ಇನ್‌ಸ್ಟಾಲನ್ನೇ ನಿಲ್ಲಿಸುತ್ತದೆ. ಎಚ್ಚರಿಕೆ ಅಡಗಿಸಲು ಹಾಕಿದ ಫೈಲೇ ಪ್ಯಾಕೇಜನ್ನು ಕೆಡಿಸಿದ ಹಾಗಾಯಿತು. ಅದಕ್ಕೇ ಒಂದೇ ಫೈಲು, ಒಳಗೆ ಚೌಕ ಆವರಣದ ಪಟ್ಟಿ, ಟ್ರಿಪ್ಲೆಟ್ ಇರುವಲ್ಲಿ ನಕ್ಷತ್ರ. ಆಗ ಎಲ್ಲ ಕಡೆ ಬೈಟಿಗೆ ಬೈಟು ಒಂದೇ ಇರುತ್ತದೆ.

ಮೂರನೆಯದು ನಿಜವಾಗಿ ಓವರ್‌ರೈಡ್‌ಗೆ ತಕ್ಕ ಪ್ರಕರಣ. ಫರ್ಮ್‌ವೇರ್ ಈ ಯಂತ್ರದಲ್ಲಿ ಓಡುವುದಲ್ಲ, ಕಂಪ್ಯೂಟರಿನ ಮಟ್ಟಿಗೆ ಅದು ಬರಿಯ ಡೇಟಾ, ಆಲ್ ಅನ್ನುವುದು ಸರಿ. ರಿಸ್ಕ್-ವಿ ಫರ್ಮ್‌ವೇರ್ ಆದ ಓಪನ್‌ಎಸ್‌ಬಿಐ ಕೂಡ ಡೆಬಿಯನ್‌ನಲ್ಲಿ ಆಲ್ ಪ್ಯಾಕೇಜಾಗಿಯೇ ಇದೆ, ಒಳಗೆ ರಿಸ್ಕ್-ವಿ ಎಲ್ಫ್ ಇಟ್ಟುಕೊಂಡು. ಆದರೆ ಜಾಗ ಬದಲಿಸಿ. ಯುಎಸ್ಆರ್/ಶೇರ್‌ನಲ್ಲಿ ಎಲ್ಫ್ ಇದ್ದರೆ ಆರ್ಚ್-ಡಿಪೆಂಡೆಂಟ್-ಫೈಲ್-ಇನ್-ಯುಎಸ್ಆರ್-ಶೇರ್ ಅಂತ ಇನ್ನೊಂದು ದೂರಿಗೂ ಜಾಗವಾಗುತ್ತದೆ. ಯುಎಸ್ಆರ್/ಲಿಬ್ ಕೆಳಗೆ ನಿಮ್ಮ ಪ್ಯಾಕೇಜಿನ ಡೈರೆಕ್ಟರಿಗೆ ತನ್ನಿ. ಅದನ್ನು ಆರ್ಕಿಟೆಕ್ಚರ್ ಎನಿ (ಪ್ರತಿ ಪ್ರೊಸೆಸರಿಗೂ ಬೇರೆ ಕಟ್ಟುವ) ಪ್ಯಾಕೇಜಿಗೆ ಸಾಗಿಸಿ ಟ್ಯಾಗ್ ತಪ್ಪಿಸಿಕೊಳ್ಳುವ ಯೋಚನೆ ಬೇಡ. ಅಲ್ಲಿ ಡಿಎಚ್_ಸ್ಟ್ರಿಪ್ ಓಡುತ್ತದೆ, ರಿಸ್ಕ್-ವಿ ಫೈಲನ್ನು ಆರ್ಮ್64ರ ಸ್ಟ್ರಿಪ್‌ಗೆ ಕೊಟ್ಟು ಫಾರ್ಮ್ಯಾಟ್ ಗೊತ್ತಿಲ್ಲ ಅನ್ನಿಸಿಕೊಳ್ಳುತ್ತದೆ, ಆಮೇಲೆ ಎಕ್ಸ್‌ಕ್ಲೂಡ್ ಸಾಲು ಬರೆಯಬೇಕು, ಬೈನರಿ-ಫ್ರಮ್-ಅದರ್-ಆರ್ಕಿಟೆಕ್ಚರ್ ಹೇಗೂ ಬರುತ್ತದೆ. ಬೋರ್ಡಿನ ಲೋಡರ್ ಕಚ್ಚಾ ಬಿನ್ ಫೈಲನ್ನೇ ತೆಗೆದುಕೊಳ್ಳುತ್ತದೆ ಅಂದರೆ ಆಬ್ಜ್‌ಕಾಪಿಯಿಂದ ಬಿನ್ ಮಾಡಿ ಇಡಬಹುದು, ಲಿಂಟಿಯನ್ ಬಾಯಿ ಮುಚ್ಚಿಸಲೆಂದು ಮಾತ್ರ ಹಾಗೆ ಮಾಡಬೇಡಿ. ಆ ಫರ್ಮ್‌ವೇರ್ ಸೋರ್ಸ್‌ನಿಂದ ಕಟ್ಟಿದ್ದೇ ಆಗಿರಬೇಕು, ಅದಕ್ಕೆ ಜಿಸಿಸಿ-ರಿಸ್ಕ್‌ವಿ64-ಅನ್‌ನೋನ್-ಎಲ್ಫ್ ಪ್ಯಾಕೇಜ್ ಇದೆ, ಬಿಲ್ಡ್-ಡಿಪೆಂಡ್ಸ್-ಇಂಡೆಪ್‌ನಲ್ಲಿ (ಆಲ್ ಪ್ಯಾಕೇಜ್ ಕಟ್ಟಲು ಬೇಕಾದವುಗಳ ಪಟ್ಟಿ) ಸೇರಿಸಿ.

---

ಮಲೆನಾಡು_ಮೇಕ್:

ಇಬ್ಬರಿಗೂ ಧನ್ಯವಾದ. ಜನರೇಟರನ್ನು ಎರಡು ಪ್ರತಿ ಮಾಡಿದ ಮೇಲೆ ಆರ್ಮ್64ರ ದೋಷ ಹೋಯಿತು, ಮೆಷಿನ್ ಸಾಲಿನಲ್ಲಿ ಈಗ ಎಆರ್ಚ್64 ಇದೆ. ಐ386ಕ್ಕೆ ಅಸೆಂಬ್ಲಿ ಇಲ್ಲದ ಬಿಲ್ಡ್. ಕೊನೆಯ ಪ್ರಶ್ನೆ ಹಾಗೇ ಉಳಿದಿದೆ: ಲಿಂಟಿಯನ್‌ಗೆ ಕಾಣದಿರುವುದು ಏನೇನು? ಮುಂದೆ ಆರ್ಮ್‌ಎಚ್‌ಎಫ್ (32 ಬಿಟ್ ಆರ್ಮ್), ಎಸ್390ಎಕ್ಸ್ ಕೂಡ ಸೇರಿಸಬೇಕಿದೆ.

---

ಎಲ್ಫ್_ಓದುಗ ಉತ್ತರ:

ಅದೇ ಜನರೇಟರ್‌ನಿಂದ ಶುರು ಮಾಡಿ. ಅದು ಈಗ ಎಎಂಡಿ64 ಪ್ರೋಗ್ರಾಮಾಗಿ ಓಡಿ ಆರ್ಮ್‌ಎಚ್‌ಎಫ್‌ಗೆ ಟೇಬಲ್ ಬರೆಯುತ್ತದೆ. ಒಳಗೆ ಎಲ್ಲಾದರೂ ಸೈಜ್‌ಆಫ್ ಲಾಂಗ್ ಲೆಕ್ಕಕ್ಕೆ ಬಂದಿದ್ದರೆ 8 ಅಂತ ಬರೆಯುತ್ತದೆ, ಆರ್ಮ್‌ಎಚ್‌ಎಫ್‌ನಲ್ಲಿ ಅದು 4. ಟೇಬಲನ್ನು ಬೈಟುಗಳಾಗಿ ಹೊರಹಾಕುತ್ತಿದ್ದರೆ ಎಸ್390ಎಕ್ಸ್‌ನಲ್ಲಿ ಕ್ರಮ ತಿರುಗುಮುರುಗು. ಎಲ್ಫ್ ಹೆಡರ್ ಶುದ್ಧವಾಗಿರುತ್ತದೆ, ಲಿಂಟಿಯನ್ ಮೌನ, ಉತ್ತರಗಳು ಮಾತ್ರ ತಪ್ಪು. ಯುಇಂಟ್32_ಟಿ ಥರದ ಅಳತೆ ನಿಗದಿಯಾದ ಟೈಪ್ ಬಳಸಿ, ಟೇಬಲನ್ನು ಬೈಟಾಗಿ ಬರೆಯದೆ ಸಿ ಭಾಷೆಯ ಸಂಖ್ಯೆಗಳಾಗಿ ಬರೆಸಿ.

ಎರಡನೆಯದು ಇನ್‌ಸ್ಟ್ರಕ್ಷನ್ ಮಟ್ಟ. ಮೇಕ್‌ಫೈಲಿನಲ್ಲಿ ಎಂಆರ್ಚ್ ನೇಟಿವ್ ಅಂತ ಇದ್ದರೆ ಕಟ್ಟಿದ ಯಂತ್ರದ ಪ್ರೊಸೆಸರಿಗೆ ತಕ್ಕ ಕೋಡ್ ಬರುತ್ತದೆ, ಹಳೆಯ ಪ್ರೊಸೆಸರಿನಲ್ಲಿ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಸಾಯುತ್ತದೆ. ಹೆಡರಿನಲ್ಲಿ ಎರಡಕ್ಕೂ 62 ಅಂತಲೇ ಇರುತ್ತದೆ. ಡೆಬಿಯನ್ ಆರ್ಮ್‌ಎಚ್‌ಎಫ್‌ನ ತಳಮಟ್ಟ ಎಆರ್‌ಎಂವಿ7, ಜೊತೆಗೆ ವಿಎಫ್‌ಪಿವಿ3-ಡಿ16 (ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಘಟಕ). ನಿಯಾನ್ (ಆರ್ಮ್‌ನ ಸಿಮ್ಡ್ ಇನ್‌ಸ್ಟ್ರಕ್ಷನ್‌ಗಳು) ಇರಲೇಬೇಕೆಂದು ಅಲ್ಲಿ ನಂಬುವಂತಿಲ್ಲ. ಆರ್ಮ್ ಮತ್ತು ರಿಸ್ಕ್-ವಿಯಲ್ಲಿ ರೀಡ್‌ಎಲ್ಫ್‌ಗೆ ದೊಡ್ಡಕ್ಷರದ ಎ ಆಯ್ಕೆ ಕೊಟ್ಟರೆ ಕಂಪೈಲರ್ ಬಿಟ್ಟ ಗುರುತುಗಳು ಕಾಣುತ್ತವೆ. ಅಡ್ವಾನ್ಸ್‌ಡ್ ಸಿಮ್ಡ್ ಸಾಲಿನಲ್ಲಿ ನಿಯಾನ್ ಕಂಡರೆ ಹುಡುಕಲು ಶುರು ಮಾಡಿ. ಓಡುವಾಗ ಪ್ರೊಸೆಸರ್ ಪರೀಕ್ಷಿಸಿ ಆಮೇಲೆ ನಿಯಾನ್‌ಗೆ ಹೋಗುವ ಕೋಡ್ ಆಗಿದ್ದರೆ ತಪ್ಪಿಲ್ಲ. ಎಎಂಡಿ64ರಲ್ಲಿ ಇಷ್ಟು ನೆಚ್ಚಬಹುದಾದ ಗುರುತು ಇರುವುದಿಲ್ಲ, ಬಿಲ್ಡ್ ಲಾಗ್‌ನಲ್ಲಿ ಎಂಆರ್ಚ್ ಅಂತ ಹುಡುಕುವುದೇ ಸರಿಯಾದ ದಾರಿ.

ಅದೇ ಆಯ್ಕೆಯಲ್ಲಿ ವಿಎಫ್‌ಪಿ ಆರ್ಗ್ಸ್ ಅನ್ನುವ ಸಾಲೂ ನೋಡಿ. ಆರ್ಮ್‌ಇಎಲ್ (ಸಾಫ್ಟ್ ಫ್ಲೋಟ್) ಮತ್ತು ಆರ್ಮ್‌ಎಚ್‌ಎಫ್ (ಹಾರ್ಡ್ ಫ್ಲೋಟ್) ಎರಡರ ಪ್ರೊಸೆಸರ್ ಸಂಖ್ಯೆಯೂ 40, ಫೈಲ್ ಕಮಾಂಡ್ ಎರಡಕ್ಕೂ ಆರ್ಮ್ ಅಂತಷ್ಟೇ ಹೇಳುತ್ತದೆ. ಹಾಗಾಗಿ ತಪ್ಪಿ ಸಾಫ್ಟ್ ಫ್ಲೋಟ್ ಬೈನರಿ ಆರ್ಮ್‌ಎಚ್‌ಎಫ್ ಡೆಬ್‌ಗೆ ಬಂದರೆ ಬೈನರಿ-ಫ್ರಮ್-ಅದರ್-ಆರ್ಕಿಟೆಕ್ಚರ್ ಹಿಡಿಯುವುದಿಲ್ಲ. ಹೊರಗಿನಿಂದ ತಂದ ಸಿದ್ಧ ಬೈನರಿ ಇರುವ ಪ್ಯಾಕೇಜುಗಳಲ್ಲಿ ಇದು ಆಗುತ್ತದೆ.

ಇನ್ನೊಂದು ಸಿ ಭಾಷೆಯ ಚಾರ್ ಟೈಪ್. ಎಎಂಡಿ64, ಐ386ದಲ್ಲಿ ಬರಿಯ ಚಾರ್ ಅಂದರೆ ಸೈನ್ಡ್. ಆರ್ಮ್, ಆರ್ಮ್64, ಎಸ್390ಎಕ್ಸ್, ಪಿಪಿಸಿ64ಇಎಲ್, ರಿಸ್ಕ್-ವಿಯಲ್ಲಿ ಅನ್‌ಸೈನ್ಡ್. ಗೆಟ್‌ಆಪ್ಟ್ (ಕಮಾಂಡ್ ಸಾಲಿನ ಆಯ್ಕೆ ಓದುವ ಫಂಕ್ಷನ್) ಕೊಟ್ಟದ್ದನ್ನು ಚಾರ್‌ನಲ್ಲಿ ಹಿಡಿದು ಮೈನಸ್ 1ಕ್ಕೆ ಹೋಲಿಸಿದ್ದರೆ ಅಲ್ಲಿ 255 ಆಗಿ ಲೂಪ್ ಮುಗಿಯುವುದೇ ಇಲ್ಲ. ಕಂಪೈಲರಿನ ಟೈಪ್-ಲಿಮಿಟ್ಸ್ ಎಚ್ಚರಿಕೆ ಹಾಕಿದರೆ ಕಂಪೈಲ್ ಆಗುವಾಗಲೇ ಹೇಳುತ್ತದೆ, ಎಎಂಡಿ64ರಲ್ಲಿ ಕಟ್ಟಿದರೆ ಹೇಳುವುದಿಲ್ಲ. ಇಂಥವಕ್ಕೆಲ್ಲ ಆಟೊಪಿಕೆಜಿಟೆಸ್ಟ್ (ಪ್ಯಾಕೇಜನ್ನು ಹಾಕಿ ಓಡಿಸಿ ನೋಡುವ ಪರೀಕ್ಷೆ) ಬೇಕು, ಅದನ್ನು ಆಯಾ ಆರ್ಕಿಟೆಕ್ಚರಿನಲ್ಲೇ ಓಡಿಸಬೇಕು. ಕ್ಯೂಎಂಯು ಬೇಕಾಗುವುದು ಇಲ್ಲಿ.

---

ಡೆಬ್_ಕಟ್ಟೋಣ ಉತ್ತರ:

ಇದಕ್ಕೆ ಎರಡು ಸೇರಿಸುತ್ತೇನೆ.

ಲಿಂಟಿಯನ್ ಎರಡು ಆರ್ಕಿಟೆಕ್ಚರಿನ ಒಂದೇ ಪ್ಯಾಕೇಜನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದಿಲ್ಲ. ಮಲ್ಟಿ-ಆರ್ಚ್ ಸೇಮ್ ಇರುವ ಪ್ರತಿ ಪ್ಯಾಕೇಜಿಗೂ ಎಎಂಡಿ64 ಡೆಬ್, ಐ386 ಡೆಬ್ ಎರಡನ್ನೂ ಡಿಪಿಕೆಜಿ-ಡೆಬ್‌ನ ಎಕ್ಸ್ ಆಯ್ಕೆಯಿಂದ ಎರಡು ಡೈರೆಕ್ಟರಿಗೆ ಬಿಚ್ಚಿ ಡಿಫ್ -ಆರ್ ಓಡಿಸಿ. ಟ್ರಿಪ್ಲೆಟ್ ಡೈರೆಕ್ಟರಿಗಳು ಒಂದೊಂದು ಕಡೆ ಮಾತ್ರ ಇರುವುದು ಸಹಜ. ಎರಡೂ ಕಡೆ ಇದ್ದು ಒಳಗೆ ಬೇರೆಯಾಗಿರುವ ಫೈಲು ಒಂದೂ ಇರಬಾರದು. ಸಿಗುವುದು ಹೆಚ್ಚಾಗಿ ಡೆವ್ ಪ್ಯಾಕೇಜಿನಲ್ಲಿ: ಕಾನ್ಫಿಗರ್ ಬರೆದ ಹೆಡರಿನಲ್ಲಿ ಲಾಂಗ್‌ನ ಅಳತೆ, ಲೈಬ್ರರಿ ಪಾತ್ ಮುದ್ರಿಸುವ ಕಾನ್ಫಿಗ್ ಸ್ಕ್ರಿಪ್ಟ್, ಡಾಕ್ಸಿಜನ್ (ಸೋರ್ಸ್‌ನಿಂದ ಡಾಕ್ಯುಮೆಂಟ್ ತಯಾರಿಸುವ ಸಾಧನ) ಪುಟಗಳಲ್ಲಿ ಬಿಲ್ಡ್ ದಿನಾಂಕ. ಅಂಥ ಹೆಡರನ್ನು ಯುಎಸ್ಆರ್/ಇನ್‌ಕ್ಲೂಡ್ ಕೆಳಗಿನ ಟ್ರಿಪ್ಲೆಟ್ ಡೈರೆಕ್ಟರಿಗೆ ಸಾಗಿಸಿ, ಸ್ಕ್ರಿಪ್ಟ್ ಬದಲು ಪಿಕೆಜಿ-ಕಾನ್ಫಿಗ್ ಫೈಲು ಕೊಡಿ, ಡಾಕ್ಸಿಜನ್ ಪುಟಗಳಿಗೆ ಪ್ರತ್ಯೇಕ ಆಲ್ ಪ್ಯಾಕೇಜ್ ಮಾಡಿ. ಜಿಜಿಪ್ ಒಳಗಿನ ಸಮಯದ ಮುದ್ರೆಯಿಂದ ಬರುವ ವ್ಯತ್ಯಾಸವೊಂದನ್ನು ಮಾತ್ರ ಲಿಂಟಿಯನ್ ತಾನೇ ಊಹಿಸಿ ಹೇಳುತ್ತದೆ, ಜಿಜಿಪ್‌ಗೆ ಎನ್ ಆಯ್ಕೆ ಕೊಟ್ಟರೆ ಅದು ಮುಗಿಯಿತು.

ಎರಡನೆಯದು 32 ಬಿಟ್‌ನಲ್ಲಿ ಮಾತ್ರ ಬರುವ ಎಲ್‌ಎಫ್‌ಎಸ್ ಟ್ಯಾಗ್, ದೊಡ್ಡ ಫೈಲುಗಳ ಬೆಂಬಲ ಇಲ್ಲದೆ ಕಟ್ಟಿದೆ ಅನ್ನುವುದು. ಡೆಬಿಯನ್ 13ಕ್ಕಾಗಿ ಆರ್ಮ್‌ಎಚ್‌ಎಫ್, ಆರ್ಮ್‌ಇಎಲ್ ಎರಡೂ 64 ಬಿಟ್ ಟೈಮ್_ಟಿಗೆ (ಸಮಯದ ಟೈಪ್) ಹೋದವು, ಜೊತೆಗೆ ಆಫ್_ಟಿಯೂ (ಫೈಲಿನೊಳಗಿನ ಸ್ಥಾನದ ಟೈಪ್) 64 ಬಿಟ್ ಆಯಿತು. ಹಳೆಯ ಬೈನರಿಗಳ ಜೊತೆ ಹೊಂದಲಿ ಅಂತ ಐ386 ಅನ್ನು ಬದಲಿಸದೆ ಬಿಟ್ಟರು. ಹಾಗಾಗಿ ಈಗ ಈ ಟ್ಯಾಗ್ ನಿಮಗೆ ಕಾಣಬಹುದಾದದ್ದು ಐ386ದಲ್ಲಿ. ಟೂಲ್ಸ್ ಪ್ಯಾಕೇಜಿಗೆ ಡೆಬ್_ಬಿಲ್ಡ್_ಮೇಂಟ್_ಆಪ್ಷನ್ಸ್‌ನಲ್ಲಿ ಫ್ಯೂಚರ್=+ಎಲ್‌ಎಫ್‌ಎಸ್ ಹಾಕಿದರೆ ಸಾಕು. ಲೈಬ್ರರಿಗೆ ಮಾತ್ರ ಕಣ್ಣುಮುಚ್ಚಿ ಹಾಕಬೇಡಿ. ಹೊರಗೆ ಕೊಡುವ ಹೆಡರಿನಲ್ಲಿ ಆಫ್_ಟಿ ಎಲ್ಲಾದರೂ ಇದ್ದರೆ ಆ ಫಂಕ್ಷನ್‌ಗಳ ಎಬಿಐ (ಕಟ್ಟಿದ ಬೈನರಿಗಳ ನಡುವಿನ ಒಪ್ಪಂದ) ಬದಲಾಗುತ್ತದೆ, ಸೋನೇಮ್ (ಆವೃತ್ತಿ ಸೇರಿದ ಲೈಬ್ರರಿ ಹೆಸರು) ಬದಲಿಸದೆ ಹಾಗೆ ಮಾಡುವಂತಿಲ್ಲ.

---

ಸ್ಪೆಕ್_ಬಳಗ ಉತ್ತರ:

ಆರ್‌ಪಿಎಂ (ಫೆಡೋರಾ ಥರದ ಲಿನಕ್ಸ್‌ಗಳ ಪ್ಯಾಕೇಜ್ ರೂಪ) ಕಡೆ ಕೆಲಸ ಮಾಡುವವರು ಈ ಚರ್ಚೆ ಓದಿದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಅಲ್ಲಿ ಲಿಂಟಿಯನ್‌ನ ಕೆಲಸ ಮಾಡುವ ಆರ್‌ಪಿಎಂಲಿಂಟ್‌ನ ತರ್ಕವೂ ಇದೇ, ಹೆಸರುಗಳು ಬೇರೆ: ಎಎಂಡಿ64 ಅಂದರೆ ಇಲ್ಲಿ ಎಕ್ಸ್86_64, ಆರ್ಮ್64 ಅಂದರೆ ಎಆರ್ಚ್64, ಪಿಪಿಸಿ64ಇಎಲ್ ಅಂದರೆ ಪಿಪಿಸಿ64ಎಲ್ಇ, ಆಲ್ ಅಂದರೆ ನೋಆರ್ಚ್. ಟ್ರಿಪ್ಲೆಟ್ ಡೈರೆಕ್ಟರಿ ಇಲ್ಲ, 64 ಬಿಟ್‌ಗೆ ಲಿಬ್64. ಅದರಿಂದಲೇ ಸ್ಪೆಕ್ ಫೈಲಿನಲ್ಲಿ (ಪ್ಯಾಕೇಜ್ ಕಟ್ಟುವ ಸೂಚನೆಗಳ ಫೈಲು) ಯುಎಸ್ಆರ್/ಲಿಬ್ ಅಂತ ಕೈಯಾರೆ ಬರೆದರೆ ಹಾರ್ಡ್‌ಕೋಡೆಡ್-ಲೈಬ್ರರಿ-ಪಾತ್ ಬರುತ್ತದೆ, ಲಿಬ್‌ಡಿರ್ ಮ್ಯಾಕ್ರೊ ಬಳಸಬೇಕು. ಎಲ್ಫ್ ಒಂದೂ ಇಲ್ಲದ ಪ್ಯಾಕೇಜಿಗೆ ನೋ-ಬೈನರಿ ಅನ್ನುತ್ತದೆ, ನೋಆರ್ಚ್ ಮಾಡಿ ಅನ್ನುವ ಸೂಚನೆ ಅದು. ಪ್ಲಗಿನ್ ಡೈರೆಕ್ಟರಿ ಲಿಬ್64ರಲ್ಲೇ ಇರಬೇಕಾದ ಪ್ಯಾಕೇಜಾದರೆ ಆ ಸೂಚನೆ ಪಾಲಿಸಬೇಡಿ, ನೋಆರ್ಚ್ ಮಾಡಿದ ತಕ್ಷಣ ಪಾತ್ ತಪ್ಪಾಗುತ್ತದೆ.

ಡೆಬ್_ಕಟ್ಟೋಣ ಹೇಳಿದ ಹೋಲಿಕೆಯ ಕೆಲಸದ ಒಂದು ಭಾಗವನ್ನು ಫೆಡೋರಾದ ಬಿಲ್ಡ್ ವ್ಯವಸ್ಥೆ ಕೋಜಿ ತಾನೇ ಮಾಡುತ್ತದೆ. ಆರ್ಕಿಟೆಕ್ಚರ್ ಇರುವ ಪ್ಯಾಕೇಜಿನ ಕೆಳಗೆ ನೋಆರ್ಚ್ ಉಪಪ್ಯಾಕೇಜ್ ಇದ್ದರೆ ಅದು ಪ್ರತಿ ಆರ್ಕಿಟೆಕ್ಚರಿನ ಬಿಲ್ಡ್‌ನಲ್ಲೂ ತಯಾರಾಗುತ್ತದೆ, ಇಟ್ಟುಕೊಳ್ಳುವುದು ಒಂದನ್ನು. ಇಟ್ಟುಕೊಳ್ಳುವ ಮೊದಲು ಆರ್‌ಪಿಎಂಡಿಫ್‌ನಿಂದ ಹೋಲಿಸಿ, ಹೊಂದದಿದ್ದರೆ ಇಡೀ ಬಿಲ್ಡನ್ನೇ ಬೀಳಿಸುತ್ತದೆ. ಬಿದ್ದಾಗ ಮೊದಲು ನೋಡಬೇಕಾದದ್ದು ಡಾಕ್ಯುಮೆಂಟ್ ಉಪಪ್ಯಾಕೇಜಿನ ಫೈಲ್ ಪಟ್ಟಿ. ಒಂದು ಆರ್ಕಿಟೆಕ್ಚರಿನಲ್ಲಿ ಡಾಟ್ ಚಿತ್ರಗಳು ತಯಾರಾಗದೆ ಉಳಿದಿದ್ದರೆ ಪಟ್ಟಿಯಲ್ಲೇ ಫೈಲುಗಳು ಕಡಿಮೆ ಇರುತ್ತವೆ.